ಬೆಳ್ಳಿಯಂತೆ ಹೊಳೆದ ಪೊರೆ

ಪ್ಲಾಸ್ಟಿಕ್ಕಿಗೂ ವಿದ್ಯುತ್ತಿಗೂ ಇರುವ ಸಂಬಂಧವನ್ನು ನಮ್ಮ ಮನೆಯ ತಂತಿಗಳೇ ಹೇಳುತ್ತವೆ. ವಿದ್ಯುತ್ತು ಹರಿಯುವುದು ಒಳಗಿನ ತಾಮ್ರದಲ್ಲಿ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಅದನ್ನು ತಡೆದು ನಮ್ಮ ಕೈ ಕಾಯುತ್ತದೆ. ಪ್ಲಾಸ್ಟಿಕ್, ರಬ್ಬರು, ನೈಲಾನು ಇವೆಲ್ಲ ಪಾಲಿಮರುಗಳು. ಎಂದರೆ ಸಣ್ಣ ಅಣುಗಳು ಕೊಂಡಿ ಕೊಂಡಿಯಾಗಿ ಸೇರಿ ಆದ ಉದ್ದನೆಯ ಸರಪಳಿಗಳು. ಇವು ವಿದ್ಯುತ್ತನ್ನು ಒಯ್ಯಲಾರವೆಂಬುದು ಬಹುಕಾಲ ಪಠ್ಯಪುಸ್ತಕದ ಮಾತಾಗಿತ್ತು. ಆ ಮಾತು ಬದಲಾದ ಬಗೆಯನ್ನು ನಾನಿಲ್ಲಿ ಹೇಳಬಯಸುತ್ತೇನೆ. ಅದರಲ್ಲಿ ರಸಾಯನಶಾಸ್ತ್ರದಷ್ಟೇ ಮನುಷ್ಯರ ಒಡನಾಟದ ಕಥೆಯೂ ಇದೆ.

1967ರಲ್ಲಿ ಟೋಕಿಯೋದ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಹಿಡೆಕಿ ಶಿರಾಕಾವಾ ಎಂಬ ತರುಣ ವಿಜ್ಞಾನಿ ಅಸಿಟಿಲೀನ್ ಅನಿಲದ ಅಣುಗಳು ಸರಪಳಿಯಾಗುವ ರೀತಿಯನ್ನು ಅಭ್ಯಸಿಸುತ್ತಿದ್ದರು. ಅದುವರೆಗೆ ಆ ಕ್ರಿಯೆಯಿಂದ ದೊರೆಯುತ್ತಿದ್ದುದು ಬರಿಯ ಕಪ್ಪು ಪುಡಿ. ಅದು ಕರಗದು, ಸರಿಯಾದ ಅಳತೆಗೂ ಒಗ್ಗದು. ಒಂದು ದಿನ, ಅಲ್ಲಿಗೆ ಬಂದಿದ್ದ ಕೊರಿಯಾದ ಸಂಶೋಧಕರೊಬ್ಬರು ಕ್ರಿಯೆಯನ್ನು ಚುರುಕುಗೊಳಿಸುವ ದ್ರವ್ಯವನ್ನು ಬೇಕಾದುದಕ್ಕಿಂತ ಸುಮಾರು ಸಾವಿರ ಪಾಲು ಹೆಚ್ಚಾಗಿ ಬಳಸಿದರು. ಪಾತ್ರೆಯಲ್ಲಿ ಪುಡಿಯ ಬದಲು ದ್ರವದ ಮೇಲೆ ತೆಳು ಪೊರೆ ಕಟ್ಟಿತು. ಶಿರಾಕಾವಾ ಅದನ್ನು ಚೆಲ್ಲಲಿಲ್ಲ. ಪೊರೆ ಕಟ್ಟಿದ ಕಾರಣವನ್ನು ಅರಸಿ, ಬೇಕೆಂದಾಗ ಅದನ್ನು ಪಡೆಯುವ ಕ್ರಮವನ್ನು ರೂಪಿಸಿದರು. ಉಷ್ಣತೆಗೆ ತಕ್ಕಂತೆ ಅದು ತಾಮ್ರದ ಬಣ್ಣವನ್ನೋ ಬೆಳ್ಳಿಯ ಹೊಳಪನ್ನೋ ತಾಳುತ್ತಿತ್ತು. ಹೊಳಪೇನೋ ಲೋಹದ್ದು, ಆದರೆ ಲೋಹದ ವಾಹಕಗುಣ ಅದಕ್ಕಿರಲಿಲ್ಲ.

1975ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಲನ್ ಮ್ಯಾಕ್‌ಡಯರ್ಮಿಡ್ ಟೋಕಿಯೋದಲ್ಲಿ ಉಪನ್ಯಾಸ ಕೊಟ್ಟರು. ಚಿನ್ನದಂತೆ ಹೊಳೆಯುವ ಇನ್ನೊಂದು ಪಾಲಿಮರು ಅವರ ವಿಷಯವಾಗಿತ್ತು. ಚಹಾದ ವೇಳೆಯಲ್ಲಿ ಶಿರಾಕಾವಾ ತಮ್ಮ ಬೆಳ್ಳಿಯ ಪೊರೆಯ ಸಂಗತಿ ತಿಳಿಸಿದರು. ಅತಿಥಿಗೆ ಅದರ ಬೆಲೆ ಹೊಳೆಯಿತು. ಮರುವರ್ಷವೇ ಶಿರಾಕಾವಾರನ್ನು ಫಿಲಡೆಲ್ಫಿಯಾಕ್ಕೆ ಕರೆಸಿಕೊಂಡರು. ಅಲ್ಲಿ ಭೌತವಿಜ್ಞಾನಿ ಅಲನ್ ಹೀಗರ್ ಜೊತೆಗೂಡಿದರು. 1976ರ ನವೆಂಬರಿನಲ್ಲಿ ಪೊರೆಗೆ ಬ್ರೋಮಿನ್ ಆವಿಯನ್ನು ಸೋಕಿಸಿದಾಗ ಅದರ ವಾಹಕತೆ ಒಮ್ಮೆಲೇ ಒಂದು ಕೋಟಿ ಪಟ್ಟು ಏರಿತು!

ಇದರ ಮರ್ಮ ಸರಳವಾದುದೇ. ಸಭೆಯಲ್ಲಿ ಒತ್ತಾಗಿ ಕುಳಿತ ಸಾಲಿನಲ್ಲಿ ಯಾರೂ ಅಲುಗಲಾರರು. ಒಬ್ಬರು ಎದ್ದು ಹೋದರೆ ಪಕ್ಕದವರು ಆ ಜಾಗಕ್ಕೆ ಸರಿಯುತ್ತಾರೆ. ತೆರವು ಸಾಲಿನುದ್ದಕ್ಕೂ ಸಾಗುತ್ತದೆ. ಬ್ರೋಮಿನ್ ಸರಪಳಿಯಿಂದ ಎಲೆಕ್ಟ್ರಾನುಗಳನ್ನು ಸೆಳೆದುಕೊಂಡು ಅಂಥ ತೆರವುಗಳನ್ನು ಉಂಟುಮಾಡುತ್ತದೆ.

ಫಲಿತಾಂಶ 1977ರಲ್ಲಿ ಪ್ರಕಟವಾಯಿತು. 2000ದಲ್ಲಿ ಮೂವರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಗಾಳಿಗೆ ಕೆಡುವ ಸ್ವಭಾವದಿಂದ ಆ ಪೊರೆಯೇನೂ ಬಳಕೆಗೆ ಬರಲಿಲ್ಲ. ಆದರೆ ಅದು ತೆರೆದ ದಾರಿಯಲ್ಲೇ ನಡೆದು, 1990ರಲ್ಲಿ ಕೇಂಬ್ರಿಜಿನ ವಿಜ್ಞಾನಿಗಳು ವಿದ್ಯುತ್ತಿನಿಂದ ಬೆಳಗುವ ಅರೆವಾಹಕ ಪಾಲಿಮರನ್ನು ತೋರಿಸಿಕೊಟ್ಟರು.

ಇಷ್ಟಕ್ಕೇ ಮುಗಿಸಿದರೆ ಚರಿತ್ರೆಗೆ ಅಪಚಾರವಾದೀತು. 1963ರಷ್ಟು ಹಿಂದೆಯೇ ಆಸ್ಟ್ರೇಲಿಯಾದ ವೈಸ್ ಮತ್ತು ಅವರ ಸಹೋದ್ಯೋಗಿಗಳು, ಪಾಲಿಪಿರೋಲ್ ಎಂಬ ಪಾಲಿಮರು ಅಯೋಡಿನ್ ಸೇರಿದಾಗ ವಿದ್ಯುತ್ತನ್ನು ಒಯ್ಯುವುದನ್ನು ಕಂಡು ಪ್ರಕಟಿಸಿದ್ದರು. ಅದನ್ನು ಗಮನಿಸಿದವರು ವಿರಳ. ಟೋಕಿಯೋದ ಪೊರೆಗೆ ಒದಗಿದ ಚಹಾದ ವೇಳೆ ಅವರ ಲೇಖನಗಳಿಗೆ ಒದಗಲಿಲ್ಲ. ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಪ್ರಶಸ್ತಿಗಳ ಪಟ್ಟಿಯೊಡನೆ ಇಂಥ ಭೇಟಿಗಳನ್ನೂ, ನಡೆಯದೆ ಹೋದ ಭೇಟಿಗಳನ್ನೂ ನೆನೆಯಬೇಕೆಂದು ನನಗೆ ತೋರುತ್ತದೆ.