ಕಳೆದುಹೋದ ಕನ್ನಡ ಜಾಲಪುಟಗಳ ಹುಡುಕಾಟ

ನಮ್ಮ ಹಿರಿಯರ ಟ್ರಂಕಿನಲ್ಲಿ 50 ವರ್ಷ ಹಳೆಯ ಸ್ಮರಣ ಸಂಚಿಕೆ ಇಂದಿಗೂ ಓದಲು ಸಿಗುತ್ತದೆ. ಆದರೆ 20 ವರ್ಷಗಳ ಹಿಂದೆ ಅಂತರಜಾಲದಲ್ಲಿ ಹಾಕಿದ ಕವಿತೆ, ರಂಗೋಲಿ ಚಿತ್ರ, ನಾಟಕದ ಫೋಟೊಗಳನ್ನು ಹುಡುಕಿದರೆ ಅನೇಕ ಸಲ ಬರಿಗೈ.

ಕನ್ನಡ ಜಾಲಪುಟಗಳ ಇತಿಹಾಸಕ್ಕೆ ಮುಂಬಯಿಯ ನಂಟಿದೆ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಂಸ್ಥೆ ನಮ್ಮ ದೇಶದ ಜನಸಾಮಾನ್ಯರಿಗೆ ಅಂತರಜಾಲ ಸೇವೆ ಆರಂಭಿಸಿತು. ಮರುವರ್ಷವೇ, ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿ ದುಡಿದ ಡಾ. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು ಹೊರತಂದರು. ಕನ್ನಡದ ಮೊದಲ ಜಾಲತಾಣವೆಂದು ಅದು ಹೆಸರಾಗಿದೆ.

ಅದೇ 1996ರಲ್ಲಿ ಅಮೆರಿಕದಲ್ಲಿ ಬ್ರೂಸ್ಟರ್ ಕೇಲ್ ಅವರು ‘ಇಂಟರ್‌ನೆಟ್ ಆರ್ಕೈವ್’ ಸ್ಥಾಪಿಸಿ ಜಗತ್ತಿನ ಜಾಲಪುಟಗಳ ನಕಲು ತೆಗೆದಿಡತೊಡಗಿದರು. ಅದರ ‘ವೇಬ್ಯಾಕ್ ಮಷಿನ್’ 2001ರಿಂದ ಎಲ್ಲರಿಗೂ ಉಚಿತ. ಹಳೆಯ ತಾಣದ ವಿಳಾಸ ಟೈಪ್ ಮಾಡಿದರೆ, ಯಾವ ಯಾವ ದಿನ ಅದರ ನಕಲು ತೆಗೆದಿದ್ದಾರೆ ಎಂಬುದು ಕ್ಯಾಲೆಂಡರಿನಲ್ಲಿ ಕಾಣುತ್ತದೆ.

ಆದರೆ ಪುಟ ಸಿಕ್ಕಿದರೂ ಕನ್ನಡ ಸಿಗದಿರಬಹುದು. ಯುನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕವಿತೆಯ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಮೂಡುತ್ತದೆ. ಪುಟ ಕೆಟ್ಟಿದೆಯೆಂದು ಕೈಬಿಡಬೇಡಿ. ಫಾಂಟಿನ ಹೆಸರು ಸಾಮಾನ್ಯವಾಗಿ ಪುಟದ ಎಚ್.ಟಿ.ಎಂ.ಎಲ್. ಬರಹದಲ್ಲೇ ಇರುತ್ತದೆ. ಅದು ತಿಳಿದರೆ, ಆ ಫಾಂಟಿಗೆ ಹೊಂದುವ ಪರಿವರ್ತಕ ತಂತ್ರಾಂಶದಿಂದ ಬರಹವನ್ನು ಯುನಿಕೋಡ್‌ಗೆ ತರಬಹುದು.

ಕಲೆಯ ಪಾಡೂ ಇದೇ. 2009ರ ಅಕ್ಟೋಬರಿನಲ್ಲಿ ‘ಜಿಯೊಸಿಟೀಸ್’ ಮುಚ್ಚಿದಾಗ ಲಕ್ಷಾಂತರ ಜನರ ಸ್ವಂತ ಪುಟಗಳು ಅಳಿಯುವುದರಲ್ಲಿದ್ದವು. ‘ಆರ್ಕೈವ್ ಟೀಮ್’ ಎಂಬ ಸ್ವಯಂಸೇವಕರ ಗುಂಪು ಅವುಗಳಲ್ಲಿ ಸಾಕಷ್ಟನ್ನು ನಕಲು ಮಾಡಿ ಉಳಿಸಿತು. ಒಲಿಯಾ ಲಿಯಾಲಿನಾ ಮತ್ತು ಡ್ರಾಗನ್ ಎಸ್ಪೆನ್‌ಶೀಡ್ ಎಂಬ ಕಲಾವಿದರು ಆ ಪುಟಗಳನ್ನು ಅಂದಿನ ಬ್ರೌಸರಿನಲ್ಲಿ ಕಂಡಂತೆಯೇ ಮತ್ತೆ ಜನರ ಮುಂದಿಟ್ಟರು. 2020ರ ಕೊನೆಗೆ ‘ಫ್ಲ್ಯಾಶ್’ ನಿಂತುಹೋದರೂ, ಅದರಲ್ಲಿ ಮಾಡಿದ ಎಷ್ಟೋ ಆ್ಯನಿಮೇಷನ್‌ಗಳು ‘ರಫಲ್’ ತಂತ್ರಾಂಶದಿಂದ ಇಂದಿಗೂ ಚಲಿಸುತ್ತವೆ. ಕಡತವನ್ನು ಉಳಿಸಿದರೆ ಸಾಲದು, ಅದನ್ನು ನೋಡುವ ದಾರಿಯನ್ನೂ ಉಳಿಸಬೇಕು.

ಪುಸ್ತಕವಾಗಿ ಅಚ್ಚಾಗದ ಎಷ್ಟೋ ಹೆಣ್ಣುಮಕ್ಕಳ ಬರಹಕ್ಕೆ ಆ ಜಾಲಪುಟವೊಂದೇ ಸಾಕ್ಷಿ. ಅತ್ತೆಯೋ ಅಕ್ಕನೋ ಬರೆದಿದ್ದರೆ, ಇಂದೇ ಅವರಿಂದ ಹಳೆಯ ವಿಳಾಸ ಕೇಳಿ ಬರೆದಿಟ್ಟುಕೊಳ್ಳಿ. ಸಿಕ್ಕಿದ್ದನ್ನು ಯುನಿಕೋಡ್‌ಗೆ ತಂದು, ಮೂಲ ಕಡತವನ್ನೂ ಫಾಂಟನ್ನೂ ಜೊತೆಗಿಟ್ಟು, ಎರಡು ಕಡೆ ಕಾಪಾಡಿ. ಈ ಇ-ಸಂಚಿಕೆಯನ್ನೂ ಹಾಗೆಯೇ!