ಹಾಂಗ್ ಸೊಕ್‌ಚೊನ್

ದಕ್ಷಿಣ ಕೊರಿಯದ ನಟ, ಕಿರುತೆರೆ ನಿರೂಪಕ. ತಾವು ಸಲಿಂಗಪ್ರೇಮಿ ಎಂದು ಬಹಿರಂಗವಾಗಿ ಹೇಳಿಕೊಂಡ ಆ ದೇಶದ ಮೊದಲ ಹೆಸರಾಂತ ಕಲಾವಿದರಲ್ಲಿ ಪ್ರಮುಖರು. ದಕ್ಷಿಣ ಚುಂಗ್‌ಚೊಂಗ್ ಪ್ರಾಂತದ ಚೊಂಗ್‌ಯಾಂಗ್‌ನಲ್ಲಿ 1971ರಲ್ಲಿ ಜನಿಸಿದರು. ಸೋಲ್‌ನ ಹಾನ್ಯಾಂಗ್ ವಿಶ್ವವಿದ್ಯಾಲಯದಲ್ಲಿ ಓದಿ, 1990ರ ದಶಕದ ನಡುವೆ ಕಿರುತೆರೆಗೆ ಬಂದರು.

ಇವರನ್ನು ಮನೆಮಾತಾಗಿಸಿದ್ದು ಎಂಬಿಸಿ ವಾಹಿನಿಯ ‘ಮೂವರು ಗಂಡಸರು, ಮೂವರು ಹೆಂಗಸರು’ ಹಾಸ್ಯ ಧಾರಾವಾಹಿ (1996–99). ಅದರಲ್ಲಿ ಇವರದು ಹೆಣ್ಣಿನ ಹಾವಭಾವವಿದ್ದ ವಸ್ತ್ರವಿನ್ಯಾಸಕನ ಪಾತ್ರ. ತೆರೆಯ ಮೇಲಿನ ಆ ವೈಯಾರಕ್ಕೆ ಜನ ಮನಸಾರೆ ನಕ್ಕರು. ಆದರೆ 2000ರಲ್ಲಿ ಇವರು ತಮ್ಮ ಒಲವನ್ನು ಹೇಳಿಕೊಂಡೊಡನೆ ಅದೇ ಎಂಬಿಸಿ ‘ಪೊಪೊಪೊ’ ಎಂಬ ಮಕ್ಕಳ ಕಾರ್ಯಕ್ರಮದಿಂದ ಇವರನ್ನು ಕೈಬಿಟ್ಟಿತು. ಉಳಿದ ಕೆಲಸಗಳೂ ತಪ್ಪಿದವು. ನಟನೆಯಲ್ಲಿ ಮೆಚ್ಚಿದ್ದನ್ನು ಮನುಷ್ಯನಲ್ಲಿ ಸಹಿಸದ ಈ ಕ್ರೌರ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇವರು ಯಾವ ಕಾನೂನನ್ನೂ ಮುರಿದಿರಲಿಲ್ಲ. ಕೊರಿಯದಲ್ಲಿ ಸೈನ್ಯದ ಹೊರಗೆ ಸಲಿಂಗ ಸಂಬಂಧ ಅಪರಾಧವಲ್ಲ. ಆದರೆ ಹೀಗೆ ಕೆಲಸ ಕಳೆದುಕೊಂಡವರ ನೆರವಿಗೆ ಬರುವ ಕಾನೂನೂ ಇರಲಿಲ್ಲ. ಬದಲಿಗೆ, ಎಳೆಯರಿಗೆ ಹಾನಿಕರವಾದ ವಿಷಯಗಳ ಸರ್ಕಾರಿ ಮಾನದಂಡದಲ್ಲಿ ಸಲಿಂಗಪ್ರೇಮವೂ ಸೇರಿತ್ತು. ಅದನ್ನು ತೆಗೆದುಹಾಕಿದ್ದು 2004ರಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಶಿಫಾರಸಿನ ಮೇಲೆ.

ಹಾಂಗ್ ದೇಶ ಬಿಡಲಿಲ್ಲ, ಆಡಿದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಹೊರದೇಶದವರು ಹೆಚ್ಚಾಗಿ ಓಡಾಡುವ ಸೋಲ್‌ನ ಇಟೆವನ್ ಬಡಾವಣೆಯಲ್ಲಿ ಹೋಟೆಲ್ ತೆರೆದು, ಒಂದರ ಹಿಂದೊಂದರಂತೆ ಹಲವನ್ನು ನಡೆಸಿದರು. ಕೊನೆಯದು 2020ರ ಕೊರೊನಾ ಕಾಲದಲ್ಲಿ ಮುಚ್ಚಿತು. ಪ್ರಸಿದ್ಧ ಸಂಭಾಷಣೆಗಾರ್ತಿ ಕಿಮ್ ಸೂಹ್ಯೊನ್ 2003ರಲ್ಲಿ ಎಸ್‌ಬಿಎಸ್ ವಾಹಿನಿಗೆ ಬರೆದ ‘ಪರಿಪೂರ್ಣ ಪ್ರೇಮ’ ಧಾರಾವಾಹಿಯಲ್ಲಿ ಸಲಿಂಗಪ್ರೇಮಿಯ ಪಾತ್ರದಿಂದ ತೆರೆಗೆ ಮರಳಿದರು. ಮರುವರ್ಷ ‘ಟೈಮ್’ ಪತ್ರಿಕೆ ಏಷ್ಯದ ವೀರರ ಸಾಲಿನಲ್ಲಿ ಇವರನ್ನು ಹೆಸರಿಸಿತು. 2008ರಲ್ಲಿ ಅಕ್ಕನ ಇಬ್ಬರು ಮಕ್ಕಳನ್ನು ದತ್ತು ತೆಗೆದುಕೊಂಡರು. ಅದೇ ವರ್ಷ ಟಿವಿಎನ್ ವಾಹಿನಿಯ ‘ಕಮಿಂಗ್ ಔಟ್’ ಕಾರ್ಯಕ್ರಮಕ್ಕೆ ನಿರೂಪಕರಾದರು. ತಮ್ಮ ಒಲವನ್ನು ಲೋಕದೆದುರು ಹೇಳಿಕೊಳ್ಳಲು ಮುಂದಾದ ಸಾಮಾನ್ಯ ಜನರಿಗೆ ಅಲ್ಲಿ ಜೊತೆಯಾಗಿ ಕೂತರು. ಇವರ ವೃತ್ತಿಜೀವನದಲ್ಲಿ ಇದಕ್ಕಿಂತ ತೂಕದ ಕೆಲಸ ಕಾಣುವುದಿಲ್ಲ. 2022ರ ‘ಮೆರಿ ಕ್ವೀರ್’ ಸರಣಿಯಲ್ಲಿ ಲೈಂಗಿಕ ಅಲ್ಪಸಂಖ್ಯಾತ ಜೋಡಿಗಳ ದಿನನಿತ್ಯದ ಬದುಕನ್ನು ಪ್ರೇಕ್ಷಕರ ಮುಂದಿಟ್ಟವರಲ್ಲೂ ಇವರಿದ್ದರು.

ಇವರಿಗೆ ಅಂದು ಸಿಗದ ಕಾನೂನಿನ ರಕ್ಷಣೆ ಆಮೇಲೂ ಬರಲಿಲ್ಲ. 2007ರಲ್ಲಿ ಸರ್ಕಾರ ರೂಪಿಸಿದ ತಾರತಮ್ಯ ನಿಷೇಧ ಮಸೂದೆಯಿಂದ ಲೈಂಗಿಕ ಒಲವಿನ ಉಲ್ಲೇಖವನ್ನು ಕೆಲವು ಕ್ರೈಸ್ತ ಸಂಘಟನೆಗಳ ವಿರೋಧದ ನಡುವೆ ಕೈಬಿಡಲಾಯಿತು. ಆಮೇಲೆ ಬಂದ ಮಸೂದೆಗಳೂ ಕಾಯ್ದೆಯಾಗಲಿಲ್ಲ. ಒಲವಿನ ಕಾರಣಕ್ಕೆ ಕೆಲಸ ಹೋದರೆ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು. ಆಯೋಗ ಶಿಫಾರಸು ಮಾಡಬಲ್ಲದು, ಅದನ್ನು ಪಾಲಿಸಲೇಬೇಕೆಂದು ಬಲವಂತ ಮಾಡಲಾರದು.