ಹೆಸರು ಬರೆಯದ ಪುಸ್ತಕ

ನಮ್ಮ ಮೂಡಿಗೆರೆ ಕಡೆಯ ಮಳೆ ಗೊತ್ತಿದ್ದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಜೂನ್ ತಿಂಗಳು ಹಿಡಿದ ಮಳೆ ಬಿಡುವ ಹೊತ್ತಿಗೆ ಬೀರುವಿನ ರೇಷ್ಮೆ ಸೀರೆಗೂ ಬೂಷ್ಟು, ಗೋಡೆಯ ಮೇಲಿನ ಪಟಕ್ಕೂ ಬೂಷ್ಟು. ಹಪ್ಪಳ ಸಂಡಿಗೆಯನ್ನು ಕಾಪಾಡಿಕೊಳ್ಳಲು ನಾವು ಹೆಂಗಸರು ಪಡುವ ಪಾಡಿನಲ್ಲಿ ಅರ್ಧದಷ್ಟನ್ನು ಕಾಗದ ಪತ್ರಗಳಿಗಾಗಿ ಪಟ್ಟಿದ್ದರೆ, ಎಷ್ಟೋ ಚರಿತ್ರೆ ಉಳಿಯುತ್ತಿತ್ತೇನೋ!

ಈ ಮಾತು ಈಗ ನೆನಪಾಗಲು ಕಾರಣವಿದೆ. ನಮ್ಮ ಭಾಗದ ಒಂದು ಕ್ರೀಡಾ ಸಂಘದವರು ವೆಬ್‌ಸೈಟು ಮಾಡಿಸಿದರು. ಅದರ ಕಾರ್ಯದರ್ಶಿ ನನ್ನ ಹಳೆಯ ವಿದ್ಯಾರ್ಥಿ. ಒಂದು ಸಂಜೆ ಮನೆಗೆ ಬಂದು, "ಟೀಚರ್, ನೀವು ಕನ್ನಡ ಚೆನ್ನಾಗಿ ಬರೀತೀರಿ. ಏನು ಹಾಕಬೇಕು, ಏನು ಬಿಡಬೇಕು ನೀವೇ ನೋಡ್ಕೊಳ್ಳಿ. ಕಂಪ್ಯೂಟರ್ ಕೆಲಸ ನಾನು ಮಾಡ್ತೀನಿ" ಎಂದ. ಕಾಫಿ ಕುಡಿಸಿ, ಒಪ್ಪಿಕೊಂಡು ಕಳಿಸಿದೆ.

ಸಂಘದಲ್ಲಿ ಸಂಬಳದವರು ಯಾರೂ ಇಲ್ಲ. ಮೈದಾನದ ಸಮಿತಿ, ತೀರ್ಪುಗಾರರ ಸಮಿತಿ, ಊಟೋಪಚಾರದ ಸಮಿತಿ, ಮಹಿಳಾ ಸಮಿತಿ ಎಲ್ಲವೂ ತೋಟದ ಕೆಲಸ, ಅಂಗಡಿ, ಶಾಲೆ ಮುಗಿಸಿಕೊಂಡು ಬರುವವರವೇ. ಮೊದಲ ಪಂದ್ಯಾವಳಿ ಮುಗಿದ ಮೇಲೆ ಅವರೆಲ್ಲ ನನಗೆ ವಿವರ ಕಳಿಸಿದರು. ಉದ್ಘಾಟಕರಿಗೆ ಹಾರ ಹಾಕುವ ಹನ್ನೆರಡು ಫೋಟೋ, ದಾನಿಗಳ ಪಟ್ಟಿ, ಊಟಕ್ಕೆ ಕಡುಬು ಮಾಡಿಸಿದ್ದರೆಂಬ ವರ್ಣನೆ ಎಲ್ಲ ಇತ್ತು. ಗೆದ್ದ ಹುಡುಗಿಯರ ಬಗ್ಗೆ ಮಾತ್ರ ಒಂದೇ ಸಾಲು: "ಬಾಲಕಿಯರ ಕಬಡ್ಡಿ, ಕಳಸ ಪ್ರಥಮ."

ಆ ಸಾಲು ನೋಡಿ ನನ್ನ ಎದೆ ಧಸಕ್ಕೆಂದಿತು. ಯಾಕೆಂದು ಆಮೇಲೆ ಹೇಳುತ್ತೇನೆ.

ಸ್ವಯಂಸೇವಕರ ಸಂಘಗಳ ಚರಿತ್ರೆ ಎಲ್ಲ ಕಡೆಯೂ ಹೀಗೆಯೇ. ಭಾರತದ ಮಹಿಳಾ ಕ್ರಿಕೆಟ್ ಸಂಘ ಲಖನೌದಲ್ಲಿ ನೋಂದಣಿಯಾದದ್ದು 1973ರಲ್ಲಿ. ಅದರ ಹಿಂದೆ ಓಡಾಡಿದವರು ಮಹೇಂದ್ರಕುಮಾರ್ ಶರ್ಮಾ. ಅದೇ ವರ್ಷ ಪುಣೆಯಲ್ಲಿ ಮೊದಲ ಅಂತರರಾಜ್ಯ ಪಂದ್ಯಾವಳಿ ನಡೆದಾಗ ಬಂದ ತಂಡಗಳು ಮೂರೇ: ಮುಂಬಯಿ, ಮಹಾರಾಷ್ಟ್ರ, ಉತ್ತರ ಪ್ರದೇಶ. ಮೂರು ವರ್ಷಗಳಲ್ಲೇ, 1976ರ ಅಕ್ಟೋಬರ್ 31ರಂದು, ನಮ್ಮ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಹೆಂಗಸರು ಮೊದಲ ಟೆಸ್ಟ್ ಆಡಿದರು. ನಾಯಕಿ ನಮ್ಮ ಕರ್ನಾಟಕದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ಮೊದಲ ಗೆಲುವೂ ದಕ್ಕಿತು. 1977ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಶಾಂತಾ 108 ರನ್ ಹೊಡೆದರು. ಭಾರತದ ಮಹಿಳೆಯೊಬ್ಬರು ಟೆಸ್ಟ್‌ನಲ್ಲಿ ಬಾರಿಸಿದ ಮೊದಲ ಶತಕ ಅದು.

ಇವರು ಕಾಯ್ದಿರಿಸದ ರೈಲುಡಬ್ಬಿಗಳಲ್ಲಿ ಕಿಟ್ಟಿನ ಮೇಲೆ ಕೂತು ಹೋಗಿ, ಊರವರು ಕೊಟ್ಟ ಕೊಠಡಿಗಳಲ್ಲಿ ನೆಲದ ಮೇಲೆ ಮಲಗಿ ಆಡಿದವರು. ಸಂಘ ನಡೆಸಿದವರೂ ತಮ್ಮ ಕೈಯಿಂದ ಖರ್ಚು ಮಾಡಿಕೊಂಡವರೇ. 2006ರಲ್ಲಿ ಮಹಿಳಾ ಕ್ರಿಕೆಟ್ಟು ಭಾರತೀಯ ಕ್ರಿಕೆಟ್ ಮಂಡಳಿಯ ಕೈಗೆ ಬಂತು. ಅಲ್ಲಿಯವರೆಗಿನ 33 ವರ್ಷಗಳ ಅಂತರರಾಷ್ಟ್ರೀಯ ಪಂದ್ಯಗಳ ಲೆಕ್ಕ ಈಗ ಹುಡುಕಿದರೆ ಸಿಗುತ್ತದೆ. ಆದರೆ ರಾಜ್ಯ ರಾಜ್ಯಗಳ ನಡುವಿನ ಪಂದ್ಯಗಳಲ್ಲಿ ಆಡಿದ ನೂರಾರು ಹುಡುಗಿಯರ ವಿವರಕ್ಕಾಗಿ ನಾನು ಹುಡುಕಿದಾಗ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಚೂರು ಮಾತ್ರ.

ನಮ್ಮ ಜಿಲ್ಲೆಯ ಕಡೂರಿನ ಹುಡುಗಿ ವೇದಾ ಕೃಷ್ಣಮೂರ್ತಿ 2011ರಲ್ಲಿ ಭಾರತ ತಂಡಕ್ಕೆ ಬಂದವಳು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಗಳಲ್ಲಿ 70 ರನ್, ಲಾರ್ಡ್ಸ್‌ನ ಫೈನಲ್ಲಿನಲ್ಲಿ 35. ಆ ಫೈನಲ್ ಅನ್ನು ನಾವು 9 ರನ್ನಿನಿಂದ ಸೋತೆವು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ನಮ್ಮ ಹೆಣ್ಣುಮಕ್ಕಳು ಕಪ್ ಎತ್ತಿದಾಗ ನಾನು ಟಿವಿ ಮುಂದೆ ಅತ್ತೆ. ವೇದಾಳ ಒಂದೊಂದು ರನ್ನಿಗೂ ಲೆಕ್ಕವಿದೆ. ಅವಳಿಗಿಂತ ಮೂವತ್ತು ವರ್ಷ ಮೊದಲು ಲಂಗವನ್ನೆತ್ತಿ ಕಟ್ಟಿಕೊಂಡು ಆಡಿದವರ ಲೆಕ್ಕ ಎಲ್ಲಿದೆ?

ಪಕ್ಕದ ಕೊಡಗಿನವರು ಇದರಲ್ಲಿ ಜಾಣರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಬಂದದ್ದು 60 ಕುಟುಂಬಗಳ ತಂಡಗಳು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ ತಂಡಗಳು 360! ಪ್ರತಿಸಲ ಬೇರೆ ಕುಟುಂಬದ ಹೊಣೆ, ಕಪ್ಪಿಗೂ ಅದೇ ಮನೆತನದ ಹೆಸರು. ಗೆದ್ದದ್ದು, ನಡೆಸಿದ್ದು ಯಾವ ಮನೆಯವರೆಂಬುದು ಹಾಗೆ ಮರೆಯದೆ ಉಳಿಯುತ್ತದೆ.

ಈಗ ನನ್ನ ಎದೆ ಧಸಕ್ಕೆಂದ ಕಥೆ. 1994ರಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರು. ಅಂಥದ್ದೇ ಒಂದು ಸಂಘದ ಪಂದ್ಯಾವಳಿಯಲ್ಲಿ, ಅಕ್ಷರ ದುಂಡಗಿದೆಯೆಂದು, ವರದಿ ಪುಸ್ತಕ ಬರೆಯುವ ಕೆಲಸ ನನಗೆ ಬಂತು. ಕಳಸ ಆಗ ಮೂಡಿಗೆರೆ ತಾಲ್ಲೂಕಿಗೇ ಸೇರಿತ್ತು. ಕಳಸದ ಕಡೆಯ ಹನ್ನೆರಡು ಹುಡುಗಿಯರು ಕೊಟ್ಟಿಗೆಹಾರದ ಮೇಲೆ ಬಸ್ಸು ಹಿಡಿದು ಬಂದು, ಕೆಸರಿನ ಅಂಕಣದಲ್ಲಿ ಕಬಡ್ಡಿ ಆಡಿ ಗೆದ್ದರು. ನಾನು ಅತಿಥಿಗಳ ಹೆಸರು, ಬಿರುದು, ಭಾಷಣಗಳನ್ನು ಎರಡು ಪುಟ ಬರೆದೆ. ಹುಡುಗಿಯರಿಗೆ ಒಂದು ಸಾಲು: "ಬಾಲಕಿಯರ ಕಬಡ್ಡಿ, ಕಳಸ ಪ್ರಥಮ."

ಎರಡು ವರ್ಷದ ಮೇಲೆ ಆ ತಂಡದ ಹುಡುಗಿಯೊಬ್ಬಳು ಬಂದಳು. ಮಳೆಗೆ ಮನೆಯ ಹೆಂಚು ಹಾರಿ, ಟ್ರಂಕಿನಲ್ಲಿದ್ದ ಪ್ರಮಾಣಪತ್ರ ನೆನೆದು ಮುದ್ದೆಯಾಗಿತ್ತು. ಕ್ರೀಡಾ ಕೋಟಾದಲ್ಲಿ ಒಂದು ತರಬೇತಿಗೆ ಅರ್ಜಿ ಹಾಕಲು ಅದರ ನಕಲು ಬೇಕಿತ್ತು. ಪುಸ್ತಕ ತೆಗೆದರು. ಅದರಲ್ಲಿ ಅವಳ ಹೆಸರಿಲ್ಲ. ಹೆಸರಿಲ್ಲದ ಮೇಲೆ ಯಾರು ಸಹಿ ಹಾಕುತ್ತಾರೆ? ಅವಳು ಆಡಿದ್ದನ್ನು ಕಣ್ಣಾರೆ ಕಂಡ ನಾನು ಬಾಯಲ್ಲಿ ಹೇಳಿದ್ದು ನಡೆಯಲಿಲ್ಲ. ಅರ್ಜಿಯ ದಿನ ಕಳೆಯಿತು. ಮುಂದಿನ ವರ್ಷ ಅವಳ ಮದುವೆಯೂ ಆಯಿತು. ತಪ್ಪು ಮಳೆಯದಲ್ಲ, ಸಂಘದ್ದೂ ಅಲ್ಲ. ಪೆನ್ನು ಹಿಡಿದಿದ್ದವಳು ನಾನು.

ಹೀಗಾಗಿ ವೆಬ್‌ಸೈಟಿನ ಕೆಲಸ ಹಿಡಿದ ಮೇಲೆ ನಾನು ಸ್ವಲ್ಪ ಜೋರಾದೆ. ಪ್ರತಿ ಸಮಿತಿಯಿಂದ ವಿವರ ಕೊಡುವವರು ಒಬ್ಬರೇ ಇರಬೇಕು. ತಂಡದ ಎಲ್ಲರ ಹೆಸರು, ದಿನಾಂಕ, ಸ್ಥಳ, ಅಂಕ ಇಲ್ಲದೆ ಫಲಿತಾಂಶ ಹಾಕುವುದಿಲ್ಲ. ಮಕ್ಕಳ ಮನೆ ವಿಳಾಸ, ಫೋನ್ ನಂಬರು ಮಾತ್ರ ಹಾಕುವಂತೆಯೇ ಇಲ್ಲ. ತಿದ್ದಿದರೆ ತಿದ್ದಿದ ದಿನ ಬರೆಯಬೇಕು. ಹೊಸ ಪದಾಧಿಕಾರಿಗಳು ಬಂದರೆಂದು ಹಳೆಯ ಪುಟ ಅಳಿಸಬಾರದು. ಎಲ್ಲದರ ಒಂದು ಪ್ರತಿ ಕಾಗದದಲ್ಲೂ ಇರಬೇಕು. ಯಾಕೆಂದರೆ ವರ್ಷದ ಬಾಡಿಗೆ ಕಟ್ಟುವುದು ಮರೆತರೆ ವೆಬ್‌ಸೈಟೂ ಮಾಯವಾಗುತ್ತದೆ. ಅದಕ್ಕೂ ಬೂಷ್ಟು ಹಿಡಿಯುತ್ತದೆ ಅನ್ನಿ! "ಟೀಚರ್ ಇಲ್ಲೂ ಹಾಜರಿ ತಗೊಳ್ತಾರೆ" ಎಂದು ಹುಡುಗರು ನಕ್ಕರು. ನಗಲಿ. ಹಾರದ ಫೋಟೋ ಹನ್ನೆರಡರಿಂದ ಒಂದಕ್ಕೆ ಇಳಿಯಿತು.

ಕಳೆದ ಬೇಸಿಗೆಯಲ್ಲಿ ಆ ಹುಡುಗಿಯನ್ನು ಹುಡುಕಿಕೊಂಡು ಹೋದೆ. ಈಗ ಅವಳು ಹುಡುಗಿಯಲ್ಲ, ಹೊಲಿಗೆ ಅಂಗಡಿ ಇಟ್ಟಿರುವ ಗೃಹಿಣಿ. ನನ್ನ ತಪ್ಪನ್ನು ನಾನೇ ಹೇಳಿದೆ. ಹೊಲಿಗೆ ಯಂತ್ರ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವತ್ತು ತುಂಬಾ ಅತ್ತಿದ್ದೆ ಟೀಚರ್" ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಎನ್ನಬೇಕೆಂದು ನಾನು ಬಯಸಲೂ ಇಲ್ಲ. ಆಮೇಲೆ ಬೆರಳು ಮಡಚುತ್ತಾ ತಂಡದವರ ಹೆಸರು ಹೇಳತೊಡಗಿದಳು. ಹತ್ತು ನೆನಪಿದ್ದವು.

ಆ ಹತ್ತು ಮಂದಿಯನ್ನೂ ಕೇಳಿ, ಒಪ್ಪಿಗೆ ಪಡೆದು, 1994ರ ಆ ಫಲಿತಾಂಶವನ್ನು ವೆಬ್‌ಸೈಟಿಗೆ ಹಾಕಿಸಿದೆ. ಅತಿಥಿಗಳ ಹೆಸರನ್ನು ಈ ಸಲ ನಾನು ಬರೆಯಲಿಲ್ಲ. ಕೆಳಗೆ 11, 12 ಎಂದು ಬರೆದು ಜಾಗ ಖಾಲಿ ಬಿಟ್ಟಿದ್ದೇನೆ. ಯಾರಾದರೂ ಬಂದು ಹೇಳುವವರೆಗೆ ಅದನ್ನು ಅಳಿಸಬೇಡಿರೆಂದು ಕಾರ್ಯದರ್ಶಿಗೆ ಹೇಳಿಟ್ಟಿದ್ದೇನೆ.